ಆಯಿಯ ಗುಂಡು, ಮಾಳಿಯ ಬದನಿಕಾಯಿ

"ಲಗೂ ನುಂಗ್ ಆಯಿ, ಅವ್ವ ಬಂದ್ಲು!"

ಮಾಳವ್ವ ಬಾಗಿಲಿಗೆ ಬೆನ್ನು ಕೊಟ್ಟು, ಲಂಗ ಅಗಲ ಮಾಡಿ ನಿಂತಳು. ಆ ಮರೆಯಲ್ಲಿ ಹೊರಸಿನ ಮೇಲೆ ಕೂತ ಅವಳ ಅಜ್ಜಿ ಸೋನಾಬಾಯಿ ರೊಟ್ಟಿಯಲ್ಲಿ ಸುತ್ತಿದ ಬದನೆಕಾಯಿ ಎಣಗಾಯಿಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡಳು.

"ನಾಕು ತಿಂಗಳಾತು ಇದರ ಮಾರಿ ನೋಡಿ," ಎಂದು ಆಯಿ ಬೆರಳು ನೆಕ್ಕಿದಳು.

ಆಯಿಯ ಸೊಂಟದ ಕೀಲಿನಲ್ಲಿ ಲೋಹದ ಗುಂಡಿತ್ತು. ನಾಲ್ಕು ವರ್ಷದ ಹಿಂದೆ ಬಿದ್ದು ಮೂಳೆ ಮುರಿದಾಗ ಮುಂಬೈ ಡಾಕ್ಟರು ಲೋಹದ ಗುಂಡು ಹಾಕಿ, ಅದು ತಿರುಗಲು ಲೋಹದ ಬಟ್ಟಲನ್ನೂ ಕೂರಿಸಿ ಕಳಿಸಿದ್ದರು. ಆಯಿ ನಡೆದುಕೊಂಡೇ ಮನೆಗೆ ಬಂದಳು. ಅಬ್ಬಬ್ಬಾ, ಅಥಣಿ ರಸ್ತೆಯ ಆ ಪುಟ್ಟ ಮನೆಗೆ ಜನವೋ ಜನ! ತಿಕೋಟಾದಿಂದ ಬಂದರು, ಬಬಲೇಶ್ವರದಿಂದ ಬಂದರು.

"ವಿಲಾಯತಿ ಮಾಲು! ನಾ ಸತ್ತರೂ ಅದು ಸವೆಯಂಗಿಲ್ಲ," ಎಂದು ಆಯಿ ತೊಡೆ ತಟ್ಟಿ ತೋರಿಸುತ್ತಿದ್ದಳು.

ಈಗ ಅದೇ ತೊಡೆಸಂದಿ ಬಾತಿತ್ತು. ಮೈಯೆಲ್ಲ ತುರಿಕೆ ಬೇರೆ.

"ಇದು ನಂಜು. ಬದನಿಕಾಯಿ ಬಿಡಿಸ್ರಿ ಮೊದಲ," ಎಂದು ಪಕ್ಕದ ಮನೆಯ ಲಕ್ಕವ್ವ ತೀರ್ಪು ಕೊಟ್ಟಳು. ಬದನೆಕಾಯಿ ಹೋಯಿತು. ಬಾವು ಇಳಿಯಲಿಲ್ಲ. ಶೇಂಗಾ ಹೋಯಿತು, ಉಪ್ಪಿನಕಾಯಿ ಹೋಯಿತು, ಕಡೆಗೆ ಬೆಲ್ಲವೂ ಹೋಯಿತು. ಆಯಿಗೆ ಉಳಿದದ್ದು ಬರೀ ನುಚ್ಚು. ಗುಂಡಿನ ಕಡೆ ಮಾತ್ರ ಯಾರೂ ಬೆರಳು ತೋರಿಸಲಿಲ್ಲ. ವಿಲಾಯತಿ ಅಲ್ಲವೇ!

ಎಣಗಾಯಿ ತಿಂದ ಮರುದಿನ ಆಯಿಗೆ ಹೊರಸಿನಿಂದ ಏಳಲಿಕ್ಕೇ ಆಗಲಿಲ್ಲ. ಮಾಳವ್ವನ ಜೀವ ಬಾಯಿಗೆ ಬಂತು. ತಾನೇ ಆಯಿಯ ಕಾಲು ಕಳೆದೆ ಅಂದುಕೊಂಡಳು. ಅಪ್ಪ ಬಾಬು ಟಾಂಗಾ ತಂದಾಗ ಹಟ ಮಾಡಿ ತಾನೂ ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿದರು. ಬಾತ ಜಾಗಕ್ಕೆ ಸೂಜಿ ಚುಚ್ಚಿ ನೀರು ತೆಗೆದರು. ಮಾಳವ್ವನಿಗೆ ತಡೆಯಲಾಗಲಿಲ್ಲ.

"ನಂದ ತಪ್ಪರಿ ಸಾಹೇಬ್ರ! ನಾನ ಬದನಿಕಾಯಿ ತಿನಿಸೇನ್ರಿ!" ಎಂದು ಗೊಳೋ ಎಂದು ಅತ್ತಳು.

ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದರು. ನೀರು ಬೂದಿ ಕಲಸಿದಂತೆ ಕಪ್ಪಗಿತ್ತು.

"ನೋಡವಾ, ಇದು ಬದನಿಕಾಯಿ ಏನು? ಗುಂಡು ಬಟ್ಟಲಿಗೆ ತಿಕ್ಕಿ ತಿಕ್ಕಿ ಸವದದ. ಲೋಹದ ಪುಡಿ ಒಳಗ ಬಿದ್ದದ. ಮೈಗೆ ಆ ಪುಡಿ ಆಗವಲ್ದು, ಅದಕ್ಕ ಬಾವು. ಪಾಪ, ಬದನಿಕಾಯಿ ಏನ್ ಮಾಡ್ಯದ? ಬೇಕಾದಷ್ಟು ತಿನ್ಲಿ." ಆಮೇಲೆ ಅಪ್ಪನ ಕಡೆ ತಿರುಗಿದರು. "ಈ ಗುಂಡು ತಗೀಬೇಕ್ರಿ. ಮುಂಬೈಗೆ ಕರ್ಕೊಂಡ್ ಹೋಗ್ರಿ."

ಮಾಳವ್ವನ ಎದೆ ಹಗುರಾಯಿತು. ಆಯಿ ಮಾತ್ರ ದಾರಿಯುದ್ದಕ್ಕೂ ಟಾಂಗಾದ ಹೊರಗೇ ನೋಡುತ್ತ ಕೂತಳು.

ಮನೆ ಮುಂದೆ ಲಕ್ಕವ್ವ ಕಾದೇ ನಿಂತಿದ್ದಳು. "ಡಾಕ್ಟ್ರು ಏನಂದ್ರಬೇ?"

"ಏನಂತಾರ? ಬದನಿಕಾಯಿ ನಂಜು ಅಂದ್ರು," ಎಂದಳು ಆಯಿ.

"ನಾ ಹೇಳಿದ್ದಿಲ್ಲೇನು!" ಲಕ್ಕವ್ವ ಬೀಗಿದಳು.

ಮಾಳವ್ವನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದೊಡ್ಡ ಸುಳ್ಳೇ! ಹೇಳಿಯೇ ಬಿಡಬೇಕೆಂದು ಬಾಯಿ ತೆರೆದಳು. ಆಗ ಆಯಿಯ ಕೈ ಕಂಡಿತು. ಅದು ತೊಡೆಯನ್ನು ಮೆಲ್ಲಗೆ ಸವರುತ್ತಿತ್ತು, ಬೈಸಿಕೊಂಡ ಕೂಸನ್ನು ಸವರುವ ಹಾಗೆ. ಊರಿಗೆಲ್ಲ ಮೆರೆಸಿದ್ದ ಗುಂಡು ಅದು. ಮಾಳವ್ವ ಬಾಯಿ ಮುಚ್ಚಿದಳು.

ಸಂಜೆ ಮಾಳವ್ವ ಲಂಗದ ಮರೆಯಲ್ಲಿ ಎಣಗಾಯಿ ಮುಚ್ಚಿಕೊಂಡು ಬಂದಳು.

"ಡಾಕ್ಟ್ರು ತಿನ್ನಂದಾರಲ್ಲ, ಮತ್ಯಾಕ ಮುಚ್ಚಿ ತಂದಿ?" ಆಯಿ ಕೇಳಿದಳು.

"ಲಕ್ಕವ್ವತ್ತಿ ಕಟ್ಟಿಮ್ಯಾಲ ಕುಂತಾಳ."

ಆಯಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಗುಂಡು ತಗದ ಮ್ಯಾಲ ನಾ ನಡೀತೇನೇನ, ಮಾಳಿ?"

ಅದು ಮಾಳವ್ವನಿಗೂ ಗೊತ್ತಿರಲಿಲ್ಲ. ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಲಂಗ ಅಗಲ ಮಾಡಿ ನಿಂತಳು.

"ಸಾವಕಾಶ ತಿನ್ನು ಆಯಿ," ಎಂದಳು. "ನಾ ನಿಂತೇನಿ."