ಒಂದೇ ಗೋಡೆಯ ಎರಡು ಮನೆ

ಮಿಕ್ಸಿರಾಯನ ಅಂಗಡಿಯಲ್ಲಿ ಐದು ಮಿಕ್ಸಿಗಳು ಒಟ್ಟಿಗೆ ಗರ್ರೆಂದರೆ, ಪಕ್ಕದ ಮನೆ ನೋಡಲು ಯಾರೋ ಬಂದಿದ್ದಾರೆಂದೇ ಅರ್ಥ.

ಅಂಗಡಿಯೆಂದರೆ ಅವನ ಮನೆಯ ಮುಂದಿನ ಕೋಣೆ. ಮಿಕ್ಸಿ ರಿಪೇರಿ ಅವನ ಕಸುಬು. ಆ ಕೋಣೆಯ ಗೋಡೆಯಾಚೆಗೆ ಚಿಕ್ಕಮ್ಮನ ನಡುಮನೆ. ಎರಡು ಮನೆಗೂ ಒಂದೇ ಸೂರು, ನಡುವೆ ಒಂದೇ ಗೋಡೆ. ಅದೂ ಎಷ್ಟು ತೆಳುವೆಂದರೆ, ಈಚೆ ಇವನು ಸೀನಿದರೆ ಆಚೆಯಿಂದ "ಬಿಸಿನೀರು ಕುಡಿಯೋ" ಎಂದು ಉತ್ತರ ಬರುತ್ತಿತ್ತು.

ಊರಿಗೆಲ್ಲ ಚಿಕ್ಕಮ್ಮನಾಗಿದ್ದ ಅವರು ಈಗ ಮನೆ ಮಾರಿ, ಪಟ್ಟಣದಲ್ಲಿದ್ದ ಅಕ್ಕನ ಜೊತೆ ಇರಲು ಹೊರಟಿದ್ದರು. "ಫೋನಲ್ಲಿ ಜಗಳ ಆಡಿ ಸಾಕಾಯ್ತಪ್ಪ. ಎದುರೆದುರು ಕೂತು ಆಡೋ ಸುಖಾನೇ ಬೇರೆ."

ಮನೆ ತೋರಿಸುವ ಕೆಲಸ ಆ ಅಕ್ಕನ ಮಗಳದು. ಅವಳು ಪಟ್ಟಣದ ಕನ್ನಡಕದಂಗಡಿಯಲ್ಲಿದ್ದಳು. ಯಾರನ್ನು ಕಂಡರೂ ತಲೆ ಒಂಚೂರು ವಾಲಿಸಿ, ಈ ಮೂಗಿಗೆ ಯಾವ ಫ್ರೇಮ್ ಕೂರುತ್ತದೆ ಎಂದು ಅಳೆಯುವವಳಂತೆ ನೋಡುತ್ತಿದ್ದಳು. ಮೊದಲ ದಿನ ಮಿಕ್ಸಿರಾಯನನ್ನೂ ಹಾಗೇ ನೋಡಿದಳು. ಅವನ ಕಣ್ಣಿಗೆ ದೋಷವೇನೂ ಇರಲಿಲ್ಲ. ಅಂದಿನಿಂದ ಅವಳನ್ನು ಬಿಟ್ಟು ಬೇರೇನೂ ಕಾಣದಾಯಿತು, ಅಷ್ಟೇ.

ಮನೆ ಮಾರಿಹೋದರೆ ಅವಳು ಇತ್ತ ಬರುವುದೇ ನಿಲ್ಲುತ್ತದೆ. ಇದು ಹೊಳೆದ ದಿನವೇ ಅವನು ಐದೂ ಸ್ವಿಚ್ ಒತ್ತಿದ್ದು.

"ಬಸ್ ಸ್ಟಾಪ್ ಗೇಟಿನ ಎದುರಿಗೇ," ಎಂದು ಗೋಡೆಯಾಚೆ ಅವಳ ದನಿ ಶುರುವಾಗುತ್ತಿತ್ತು. "ಆಸ್ಪತ್ರೆ ಹಿಂದಿನ ಬೀದಿ. ಎಡಕ್ಕೆ ಬೇಕರಿ, ಬಲಕ್ಕೆ ಲೈಬ್ರರಿ. ಹಳ್ಳಿ ಅಂತ ಹೆಸರಷ್ಟೇ, ಕೈ ಚಾಚಿದ್ರೆ ಎಲ್ಲ ಸಿಗುತ್ತೆ. ಮನೆ ಚಿಕ್ಕದು, ಗುಡಿಸೋಕೆ ಸುಲಭ."

ಆಗ ಗರ್ರ್. ಬಂದವರು ಕಿವಿ ಮುಚ್ಚಿಕೊಂಡು "ಯೋಚನೆ ಮಾಡಿ ಹೇಳ್ತೀವಿ" ಎಂದವರೇ ಬಸ್ಸು ಹತ್ತುತ್ತಿದ್ದರು. ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ.

ಆಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು ಅಂಗಡಿಯ ಬಾಗಿಲಿಗೆ ಬರುತ್ತಿದ್ದಳು.

"ಏನ್ರೀ, ಊರಿನ ಮಿಕ್ಸಿಗಳೆಲ್ಲ ನಾನು ಬಂದಾಗಲೇ ರಿಪೇರಿ ಆಗ್ತವಾ?"

"ಟೆಸ್ಟಿಂಗ್ ಮಾಡ್ಬೇಕಲ್ಲ. ಶಬ್ದ ಕೇಳಿದ್ರೆ ಒಳಗಿನ ತೊಂದರೆ ಗೊತ್ತಾಗುತ್ತೆ."

"ಒಳಗೇನು ತೊಂದರೆಯಂತೆ?" ಎಂದು ಒಂದು ದಿನ ಕೇಳಿದಳು.

ಅವನು ಸ್ಕ್ರೂಡ್ರೈವರನ್ನೇ ನೋಡುತ್ತ ನಿಂತ. ಕಿವಿ ಕೆಂಪಾಗಿತ್ತು. ಅವಳು ಆ ಕಿವಿಯನ್ನು ನೋಡಿದಳು, ಆಮೇಲೆ ಕಣ್ಣನ್ನು, ಆಮೇಲೆ ಮತ್ತೆ ಕಿವಿಯನ್ನು. ಬಯ್ಯಲು ಬಂದವಳು ಸ್ಟೂಲ್ ಎಳೆದುಕೊಂಡು ಕೂತಳು. ಎದುರಿಗೆ ಬಸ್ಸು ಎರಡು ಸಲ ಬಂದು ಹೋಯಿತು.

ಹಾಗೆಂದು ಅವನಿಗೆ ಮನಸ್ಸು ಚುಚ್ಚದೆ ಇರಲಿಲ್ಲ. ಸಂಜೆ ಗೋಡೆಯಾಚೆ ಚಿಕ್ಕಮ್ಮ ಫೋನಲ್ಲಿ ಅಕ್ಕನಿಗೆ "ಇನ್ನೂ ಮಾರಿಲ್ಲ ಕಣೇ, ಏನು ಮಾಡ್ಲಿ" ಎನ್ನುವುದು ಕೇಳಿಸುತ್ತಿತ್ತು. ಆಗ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೀಗಿರುವಾಗ ಮನೆ ನೋಡಲು ಡ್ರೈವರ್ ತಾತ ಬಂದರು. ಜೀವಮಾನವೆಲ್ಲ ಬಸ್ಸಿನ ಎಂಜಿನ್ ಪಕ್ಕ ಕೂತು ಅವರ ಕಿವಿ ಮಂದವಾಗಿತ್ತು. ಐದೂ ಮಿಕ್ಸಿ ಗರ್ರೆಂದವು. ತಾತ ಗೋಡೆಗೆ ಬೆನ್ನು ಒರಗಿಸಿ ಕಣ್ಣು ಮುಚ್ಚಿದರು.

"ಗೋಡೆ ಎಷ್ಟು ಹಿತವಾಗಿ ನಡುಗ್ತಿದೆ," ಎಂದರು. "ಸೀಟಲ್ಲಿ ಕೂತ ಹಾಗೇ ಇದೆ. ಈ ಮನೆ ನನಗೇ ಕೊಟ್ಬಿಡಿ."

ಮಿಕ್ಸಿಗಳು ಗಪ್ಪಾದವು. ಮಿಕ್ಸಿರಾಯ ಓಡಿಬಂದ. ಅಷ್ಟರಲ್ಲಿ ಅವಳೇ ತಾತನ ಕಿವಿಯ ಹತ್ತಿರ ಕೂಗುತ್ತಿದ್ದಳು. "ಅವಸರ ಬೇಡ ತಾತ. ಬಚ್ಚಲು ಬಹಳ ಇಕ್ಕಟ್ಟು."

"ಸೂರು ಸೋರುತ್ತೆ," ಎಂದು ಇವನೂ ಕೂಗಿದ.

ಚಿಕ್ಕಮ್ಮ ಒಬ್ಬರನ್ನಾದ ಮೇಲೆ ಒಬ್ಬರನ್ನು ನೋಡಿದರು. "ನನ್ನ ಸೂರೇ ನಿನ್ನ ಸೂರು. ನಿನ್ನ ತಲೆ ಮೇಲೆ ಯಾವತ್ತು ಸೋರಿದೆಯೋ?" ಆಮೇಲೆ ಅಕ್ಕನ ಮಗಳ ಕಡೆ ತಿರುಗಿದರು. "ಮಧ್ಯಾಹ್ನ ಅವನು ಅಂಗಡಿ ಮುಚ್ಚಿ ಮಲಗ್ತಾನೆ, ಆಗ ಕರ್ಕೊಂಡು ಬಾರೇ ಅಂತ ಬಾಯಿ ಬಡ್ಕೊಂಡೆ. ನೀನು ಪ್ರತಿ ಸಲ ಬೆಳಿಗ್ಗೇನೇ ಬರ್ತೀಯ. ಯಾಕೆ ಅಂತ ಈಗ ಗೊತ್ತಾಯ್ತು."

ಎಲ್ಲರ ಮುಖ ಅಳೆಯುವ ಹುಡುಗಿ ಅಂದು ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಮಿಕ್ಸಿರಾಯನಿಗೆ ನಿಂತಲ್ಲೇ ಸಕ್ಕರೆ ತಿಂದಂತಾಯಿತು.

"ನನಗೆ ಕಿವಿ ಕೇಳಿಸಲ್ಲ, ಆದ್ರೆ ಕಣ್ಣು ಕಾಣುತ್ತೆ," ಎಂದರು ತಾತ. "ಬಸ್ಸಿನ ಕನ್ನಡೀಲಿ ಹಿಂದಿನ ಸೀಟಿನ ಜೋಡಿಗಳನ್ನ ಎಷ್ಟು ನೋಡಿಲ್ಲ. ಇವರಿಬ್ಬರ ಟಿಕೆಟ್ ಆಗಿದೆಯಮ್ಮ. ಹತ್ತೋಕೆ ನಾಚ್ಕೋತಿದ್ದಾರೆ."

ಮನೆ ತಾತನದೇ ಎಂದಾಯಿತು. ಚಿಕ್ಕಮ್ಮ ಅಕ್ಕನಿಗೆ ಫೋನ್ ಮಾಡಲು ಕೂತರು. ಅವಳು ಚೀಲ ಹೆಗಲಿಗೇರಿಸಿ ಹೊರಗೆ ಬಂದಳು.

"ಇನ್ನು ಬರೋಕೆ ನನಗೆ ನೆಪ ಇಲ್ಲ," ಎಂದಳು.

ಮಿಕ್ಸಿರಾಯ ತನ್ನ ಬಾಗಿಲು ಪೂರ್ತಿ ತೆರೆದ. "ಈ ಮನೇನೂ ಒಂದ್ಸಲ ನೋಡಿ."

"ಇದೂ ಮಾರಾಟಕ್ಕಿದೆಯಾ?"

"ಇಲ್ಲ. ನೀವು ಬಂದು ಇರೋಕೆ."

ಅವಳು ಒಳಗೆ ಬಂದಳು. ಅವನು ಗಂಟಲು ಸರಿಮಾಡಿಕೊಂಡ. "ಬಸ್ ಸ್ಟಾಪ್ ಗೇಟಿನ ಎದುರಿಗೇ. ಆಸ್ಪತ್ರೆ ಹಿಂದಿನ ಬೀದಿ. ಎಡಕ್ಕೆ ಬೇಕರಿ, ಬಲಕ್ಕೆ ಲೈಬ್ರರಿ. ಕೈ ಚಾಚಿದ್ರೆ ಎಲ್ಲ ಸಿಗುತ್ತೆ." ಇಲ್ಲಿಗೆ ಕಂಠಪಾಠ ಮುಗಿಯಿತು. ಮುಂದಿನದು ಅವನದೇ. "ನೀವೊಬ್ಬರೇ ಸಿಗಲ್ಲ. ಅದಕ್ಕೇ ಅಷ್ಟು ಗಲಾಟೆ ಮಾಡಿದೆ. ನೀವು ಅಂದ್ರೆ ನನಗೆ ಪ್ರಾಣ."

ಅವಳು ಸೂರನ್ನು ನೋಡಿದಳು, ಕಿಟಕಿ ನೋಡಿದಳು. "ಶಬ್ದ ಹೇಗೆ?"

"ಇನ್ನು ಒಂದೊಂದೇ ಮಿಕ್ಸಿ ಹಾಕ್ತೀನಿ."

"ಯೋಚನೆ ಮಾಡಿ ಹೇಳ್ತೀನಿ," ಎಂದು ಅವಳು ಬಾಗಿಲತ್ತ ನಡೆದಳು.

ಹಾಗೆಂದವರು ಯಾರೂ ಮರಳಿ ಬಂದಿರಲಿಲ್ಲ. ಮಿಕ್ಸಿರಾಯನ ಜೀವ ಬಾಯಿಗೆ ಬಂತು. ಅವಳು ಹೊಸ್ತಿಲಲ್ಲಿ ನಿಂತು ತಿರುಗಿ, ತಲೆ ವಾಲಿಸಿ, ಮೊದಲ ದಿನದಂತೆಯೇ ಅವನನ್ನು ನೋಡಿದಳು. ಈ ಸಲ ಬಹಳ ಹೊತ್ತು.

"ಯೋಚನೆ ಮಾಡಿದೆ. ನನಗೆ ಒಪ್ಪಿಗೆ."

"ನನಗೂ," ಎಂದರು ಗೋಡೆಯಾಚೆಯಿಂದ ಚಿಕ್ಕಮ್ಮ.