ಫೈನಲ್ ದಿನದ ಕಂಪ್ಲೇಂಟ್

ಪುಟ್ಟಿಗೆ ಅಂದು ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತು ಯಾರದೋ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಬಲಕ್ಕೇ ಹೊಲಿದಳು. ಸಾಯಂಕಾಲ ‘ಗಂಟೆ ಬಾರಿಸಿ’ ಫೈನಲ್. ಶಾಲೆಗೆ ಹೋಗುತ್ತಿದ್ದಾಗಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಕ್ವಿಜ್ ಶೋ ಅದು. ನಿರೂಪಕನ ಕಪ್ಪು ಕೂದಲು ಬೆಳ್ಳಗಾಗಿ, ಮತ್ತೆ ಒಂದು ಸೋಮವಾರ ಇದ್ದಕ್ಕಿದ್ದಂತೆ ಕಪ್ಪಾದದ್ದೂ ಅವಳಿಗೆ ಗೊತ್ತು.

ಆದರೆ ಈ ತಳಮಳ ಫೈನಲ್‌ನದಲ್ಲ, ಕೇಬಲ್‌ನವನದು.

ಕೆಲವು ತಿಂಗಳ ಹಿಂದೆ ಕೇಬಲ್ ನಿಜವಾಗಿಯೇ ಕೆಟ್ಟಿತ್ತು. ಅವನು ಬಂದು ಸರಿಮಾಡಿ, ಚಿತ್ರ ನಿಲ್ಲುತ್ತದಾ ಎಂದು ನೋಡುತ್ತಾ ನಿಂತ. ಈ ಮನೆಯಲ್ಲಿ ಶೋವನ್ನು ಸುಮ್ಮನೆ ನೋಡುವ ಹಾಗಿಲ್ಲ. ಉತ್ತರ ಗೊತ್ತಾದವರು ಚಮಚದಿಂದ ತಟ್ಟೆ ಬಾರಿಸಿ ಹೇಳಬೇಕು. ಪುಟ್ಟಿಯೂ ಅವಳನ್ನು ಸಾಕಿದ ದೊಡ್ಡಮ್ಮನೂ ಮಾಡಿಕೊಂಡ ಕಾನೂನು. ಅವನೂ ತಡೆಯಲಾರದೆ ಕೈಯಲ್ಲಿದ್ದ ಟೆಸ್ಟರ್‌ನಿಂದಲೇ ತಟ್ಟೆಗೆ ಟಣ್ ಎನಿಸಿ, "ತಿಮಿಂಗಿಲ!" ಎಂದುಬಿಟ್ಟ. ಕೇಳಿದ್ದು ಹಕ್ಕಿಯ ಹೆಸರು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ನಕ್ಕರೆ ಅವನ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಮುಗಿಯಿತಲ್ಲ ಇವಳ ಕತೆ!

ಆಮೇಲೆ ಆ ಮನೆಯ ಕೇಬಲ್ ಸರಿಯಾಗಿ ಶೋ ಹೊತ್ತಿಗೇ ಕೈಕೊಡತೊಡಗಿತು. ಟಿವಿ ಹಿಂದಿನ ಪಿನ್ನನ್ನು ಪುಟ್ಟಿಯೇ ಸಡಿಲ ಮಾಡಿ ಕೇಬಲ್ ಆಫೀಸಿಗೆ ಫೋನ್ ಮಾಡುತ್ತಿದ್ದಳು. ಬೀದಿಯಲ್ಲಿ ಅವನ ಬೈಕ್ ಸದ್ದಾದರೆ ಸಾಕು, ಓಡಿಹೋಗಿ ಬಿಗಿ ಮಾಡುತ್ತಿದ್ದಳು.

"ಚೆನ್ನಾಗೇ ಬರ್ತಿದೆಯಲ್ಲ ಮೇಡಂ?"

"ನೀವು ಬಂದ್ರೆ ಸರಿಯಾಗತ್ತೆ. ಹೋದ್ರೆ ಕೆಡತ್ತೆ."

"ಅದೆಂಥ ಫಾಲ್ಟ್ ಅಪ್ಪಾ ಇದು! ಕೂತು ನೋಡಿದ್ರೇ ಗೊತ್ತಾಗೋದು."

ಪಾಪ, ಫಾಲ್ಟ್ ಬರಲಿ ಎಂದು ಕಾಯುತ್ತಾ ಅವನು ಶೋ ಮುಗಿಯುವವರೆಗೂ ಕೂರುತ್ತಿದ್ದ. ತಟ್ಟೆ ಬಾರಿಸಿ ತಪ್ಪು ತಪ್ಪು ಉತ್ತರ ಹೇಳುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಓರೆಗಣ್ಣಲ್ಲಿ ನೋಡುತ್ತಿದ್ದಳು. ಅವನು ಥಟ್ಟನೆ ತಿರುಗಿದರೆ ದಾರ ಒಂದು ಕಡೆ, ಸೂಜಿ ಒಂದು ಕಡೆ. "ದಾರ ದಪ್ಪ ಇರಬೇಕು," ಎನ್ನುತ್ತಿದ್ದ ಅವನು, ಮುಖದಲ್ಲಿ ನಗು ತೋರಿಸದೆ.

"ಪುಟ್ಟೀ," ಫೈನಲ್‌ಗೆಂದು ದೊಡ್ಡಮ್ಮ ತಟ್ಟೆ, ಚಮಚ ತಂದಿಟ್ಟುಕೊಳ್ಳುತ್ತಾ ಹೇಳಿದಳು, "ಇವತ್ತೊಂದು ದಿನ ಆ ಪಿನ್ನಿಗೆ ಕೈ ಹಾಕಬೇಡ ಕಣೇ."

ಪುಟ್ಟಿಗೆ ಜೀವ ಬಾಯಿಗೆ ಬಂತು. "ನಿಂಗೆ ಗೊತ್ತಿತ್ತಾ?"

"ನಂಗೇನು ಕಣ್ಣಿಲ್ವಾ? ನಿನ್ನ ದೆಸೆಯಿಂದ ಪ್ರತಿ ಸಲ ಮೊದಲನೇ ಸುತ್ತು ಹಾಳು. ಇಷ್ಟ ಇದ್ರೆ ಬಾಯಿಬಿಟ್ಟು ಹೇಳೋದಪ್ಪ!"

ಹೇಳಬೇಕೆಂದೇ ಎಷ್ಟೋ ದಿನದಿಂದ ಒದ್ದಾಡುತ್ತಿದ್ದಳು. ಫೈನಲ್ ಮುಗಿದರೆ ಶೋ ಇಲ್ಲ, ಶೋ ಇಲ್ಲದಿದ್ದರೆ ಅವನನ್ನು ಯಾವ ನೆಪದಿಂದ ಕರೆಯುವುದು?

ಶೋ ಶುರುವಾಗಿ ಸ್ವಲ್ಪ ಹೊತ್ತಿಗೆ, ಯಾರೂ ಕರೆಯದೆಯೇ ಬೈಕ್ ಸದ್ದು ಕೇಳಿತು. ಅವನು ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ಹೇಳಿ ಹೋಗೋಣ ಅಂತ ಬಂದೆ ದೊಡ್ಡಮ್ಮಾ. ನಾಳೆಯಿಂದ ಈ ಕಡೆಗೆ ಬೇರೆಯವರು ಬರ್ತಾರೆ. ನನ್ನನ್ನ ಸ್ಟೋರ್ ರೂಮಿಗೆ ಹಾಕಿದ್ದಾರೆ, ವೈರ್ ಸುತ್ತೋಕೆ."

"ಯಾಕಪ್ಪಾ?"

"ನಿಮ್ಮ ಮನೆ ಕಂಪ್ಲೇಂಟ್ ನನ್ನ ಕೈಲಿ ಸರಿಹೋಗ್ಲಿಲ್ವಲ್ಲ. ಕೆಲಸ ಬರದವನು ಅಂದ್ರು." ಅವನು ನಗಲು ನೋಡಿದ, ಆಗಲಿಲ್ಲ.

ತನ್ನ ಆಟ ಒಬ್ಬನ ಹೊಟ್ಟೆ ಮೇಲೆ ಹೊಡೆದಿತ್ತು. ಪುಟ್ಟಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮದೇನೂ ತಪ್ಪಿಲ್ಲ," ಎಂದಳು ಪುಟ್ಟಿ. "ಫಾಲ್ಟೇ ಇರ್ಲಿಲ್ಲ. ನಾನೇ ಪಿನ್ ಸಡಿಲ ಮಾಡ್ತಿದ್ದೆ. ನಿಮ್ಮ ಬೈಕ್ ಸದ್ದು ಕೇಳಿದ ತಕ್ಷಣ ನಾನೇ ಸರಿ ಮಾಡ್ತಿದ್ದೆ."

ಅವನು ಬೆಪ್ಪಾಗಿ ನಿಂತ. ಆಮೇಲೆ ಮುಖ ಕೆಂಪಾಯಿತು. "ನಂಗೆ ಕೆಲಸವೇ ಮರೆತುಹೋಯ್ತಾ ಅಂತ ನಿದ್ದೆಗೆಟ್ಟಿದ್ದೀನಿ ನಾನು. ನಿಮಗೆ ತಮಾಷೆನಾ?"

ಅವಳು ಕೇಬಲ್ ಆಫೀಸಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದಳು.

"ಸಾರ್, ಟೇಲರ್ ಮನೆಯಿಂದ. ಇಷ್ಟು ದಿನ ಕೊಟ್ಟ ಕಂಪ್ಲೇಂಟೆಲ್ಲ ಸುಳ್ಳು. ನಾನೇ ವೈರ್ ತೆಗೀತಿದ್ದೆ. ನಿಮ್ಮ ಹುಡುಗನ ಕೆಲಸದಲ್ಲಿ ಒಂದು ಚೂರೂ ತಪ್ಪಿಲ್ಲ."

"ಅಯ್ಯೋ, ವೈರ್ ಯಾಕಮ್ಮಾ ತೆಗೀತಿದ್ರಿ?"

ಟಿವಿಯಲ್ಲಿ ಕೊನೆಯ ಪ್ರಶ್ನೆ ಬಂದಿತ್ತು. ಪುಟ್ಟಿ ಆ ಕಡೆ ತಿರುಗಲೂ ಇಲ್ಲ.

"ಅವರು ಬರಲಿ ಅಂತ," ಎಂದಳು. "ನಂಗೆ ಅವರಂದ್ರೆ ಇಷ್ಟ, ಅದಕ್ಕೆ."

ಆ ತುದಿಯಲ್ಲಿ ಯಾರೋ ಕೆಮ್ಮಿದರು. ಹಿಂದಿನಿಂದ ಇನ್ಯಾರೋ ಕಿಸಕ್ಕನೆ ನಕ್ಕರು. "ಅವನಿಗೆ ನಾಳೆ ಸ್ಟೋರ್ ಬೇಡ, ಲೈನ್ ಕೆಲಸಕ್ಕೇ ಬರೋಕೆ ಹೇಳಿಮ್ಮಾ," ಎಂದು ಸಾಹೇಬರು ಫೋನ್ ಇಟ್ಟರು.

"ಇಡೀ ಆಫೀಸಿಗೇ ಹೇಳಿಬಿಟ್ರಲ್ರೀ!" ಅವನು ತಲೆ ಮೇಲೆ ಕೈ ಹೊತ್ತ.

"ಸಿಟ್ಟು ಬಂತಾ?"

"ಬಂದಿದೆ. ಜೊತೆಗೆ ನಗುನೂ ಬರ್ತಿದೆ. ಏನು ಮಾಡ್ಲಿ ಹೇಳಿ?"

ಟಿವಿಯಲ್ಲಿ ಚಪ್ಪಾಳೆಯ ಸುರಿಮಳೆ. ದೊಡ್ಡಮ್ಮ ಒಬ್ಬಳೇ ಕೂಗಿದಳು: "ಅಯ್ಯೋ, ಗೆದ್ದದ್ದು ಯಾರು ಅಂತ ಕೇಳೋಕೂ ಬಿಡ್ಲಿಲ್ವಲ್ರೋ!"

ಅವನು ಬೈಕ್ ಹತ್ತಿದ ಮೇಲೂ ಹೊರಡಲಿಲ್ಲ. ಗೇಟು ಹಿಡಿದು ನಿಂತ ಪುಟ್ಟಿಯನ್ನು ಈಗ ಕದ್ದು ನೋಡದೆ, ನೇರವಾಗಿ, ಸಾವಕಾಶವಾಗಿ ನೋಡಿದ. ಅವಳಿಗೆ ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ.

"ಇನ್ಮೇಲೆ ಕೆಟ್ಟಿದೆ ಅಂತ ಆಫೀಸಿಗೆ ಫೋನ್ ಮಾಡ್ಬೇಡಿ," ಎಂದು ತನ್ನ ನಂಬರ್ ಕೊಟ್ಟ. "ಬನ್ನಿ ಅಂತ ನಂಗೇ ಮಾಡಿ. ಸಾಕು."

ಬೈಕ್ ಬೀದಿಯ ತಿರುವು ದಾಟುವ ಮೊದಲೇ ಪುಟ್ಟಿ ಅವನಿಗೆ ಫೋನ್ ಮಾಡಿದಳು.