ಮಗ್ಗ ನಿಂತಾಗ

ಮನೆಗೆ ಯಾರೇ ಬಂದರೂ ಉಳವಪ್ಪ ತನ್ನ ಕರೆಂಟ್ ಮಗ್ಗ ನಿಲ್ಲಿಸುತ್ತಿರಲಿಲ್ಲ. ರಾಮದುರ್ಗದ ಆ ಓಣಿಯ ಜನ ಅದನ್ನು ಕಾಯಕನಿಷ್ಠೆ ಎಂದು ಹೊಗಳುತ್ತಿದ್ದರು. ನಿಜ ಗೊತ್ತಿದ್ದದ್ದು ಅವನ ತಾಯಿ ಚನ್ನವ್ವನಿಗೆ. ಹದಿನೇಳನೇ ವಯಸ್ಸಿನಲ್ಲಿ ಅವನ ಹೃದಯಕ್ಕೆ ಕೃತಕ ವಾಲ್ವ್ ಕೂಡಿಸಿದ್ದರು. ಸುತ್ತ ಸದ್ದಡಗಿದರೆ ಅದರ ಟಿಕ್ ಟಿಕ್ ಹೊರಗೆ ಕೇಳುತ್ತಿತ್ತು. ದೂರದೂರಿನ ಎರಡು ಹೆಣ್ಣಿನ ಕಡೆಯವರು ಅದನ್ನು ಕೇಳಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗಿದ್ದರು. ಮೂರನೆಯವರಿಗೆ ಕೇಳಿಸುವುದು ಬೇಡವೆಂದು ಅವನು ಮದುವೆಯ ಮಾತನ್ನೇ ಬಿಟ್ಟಿದ್ದ.

ಅಂಥ ಮನೆಗೆ ಒಂದು ಗುರುವಾರ ಮೀನಾ ಬಂದಳು. ಯರಗಟ್ಟಿಯವಳು, ಧಾರವಾಡದ ಲ್ಯಾಬೊಂದರಲ್ಲಿ ಸಂಶೋಧಕಿ. ಚೀಲದ ತುಂಬ ಬಿಳಿ ಪಾಲಿಯೆಸ್ಟರ್ ನೂಲು.

"ಹಾರ್ಟಿಗೆ ಕೂಡಿಸೂ ಹೊಸಾ ವಾಲ್ವ್ ಮಾಡಾಕತ್ತೇವ್ರಿ," ಎಂದು ಮಗ್ಗದ ಗದ್ದಲದಲ್ಲೇ ಕೂಗಿ ಹೇಳಿದಳು. "ಅದರ ಸುತ್ತ ಅರಿವಿ ಉಂಗುರ ಇರತೈತಿ. ಡಾಕ್ಟರು ಹೊಲಿಗಿ ಹಾಕೂದು ಅದಕ್ಕ. ಟ್ರಯಲ್‌ಗೆ ಆ ಅರಿವಿ ನೀವು ನೇಯ್ದು ಕೊಡಬೇಕ್ರಿ. ತುಸು ಮಗ್ಗ ಬಂದ್ ಮಾಡ್ತೀರೇನ್ರಿ?"

"ಆಗೂದಿಲ್ರಿ."

ಉಳವಪ್ಪ ಅವಳ ಚೀಲದ ನೂಲನ್ನೇ ನೋಡಿದ. ಲೋಕದಲ್ಲಿ ನೂರೆಂಟು ಅರಿವೆಗಳಿರುವಾಗ ಇವಳಿಗೆ ಇದೇ ಬೇಕಿತ್ತೇ?

ಆದರೂ ಒಪ್ಪಿಕೊಂಡ. ಅವಳು ಗುರುವಾರ ಗುರುವಾರ ಬಂದಳು. ನೇಯ್ದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಅದರೊಳಗೆ ನೋಡುವುದು ಅವಳ ಅಭ್ಯಾಸ. ಆಮೇಲೆ ಅರಿವೆಯನ್ನು ಮೆಲ್ಲಗೆ ಅವನ ಕಡೆಗೇ ತಿರುಗಿಸುವಳು.

"ಇದರಾಗಿಂದ ನೀವು ಕಾಣವಲ್ರಿ. ಭಾಳ ಬಿಗಿ ನೇಯ್ದೀರಿ."

"ಬಿಗಿ ಇದ್ರನ ಅರಿವಿ ಗಟ್ಟಿ."

"ಈ ಅರಿವಿಗೆ ಹಂಗಲ್ರಿ. ಸಣ್ಣ ಸಣ್ಣ ಸಂದಿ ಬೇಕು. ಎದಿಯೊಳಗಿನ ಮಾಂಸ ಆ ಸಂದ್ಯಾಗ ಬೆಳದು ವಾಲ್ವ್ ಹಿಡಕೊಂತೈತಿ. ನೀವು ಜಾಗಾನ ಬಿಡದಿದ್ರ ಹೆಂಗ ಕೂಡಬೇಕ್ರಿ?"

ಹೇಳುತ್ತಲೇ ನಕ್ಕಳು. ಉಳವಪ್ಪ ತಲೆ ತಗ್ಗಿಸಿ, ಎಳೆ ಹರಿಯದಿದ್ದರೂ ಹರಿದಂತೆ ಹುಡುಕಿದ. ಬುಧವಾರ ಬಂತೆಂದರೆ ಅಂಗಿಗೆ ಇಸ್ತ್ರಿ ಮಾಡುವ ರೂಢಿ ಅವನಿಗೆ ಆಗಲೇ ಹತ್ತಿತ್ತು. ಚನ್ನವ್ವ ಕಂಡೂ ಕಾಣದ ಹಾಗೆ ಇದ್ದಳು.

ನಾಲ್ಕನೇ ಗುರುವಾರ ಕರೆಂಟ್ ಹೋಯಿತು.

ಮಗ್ಗ ತಣ್ಣಗೆ ನಿಂತಿತು. ಓಣಿಗೆ ಓಣಿಯೇ ಸುಮ್ಮನಾಯಿತು. ಟಿಕ್. ಟಿಕ್. ಮೀನಾ ಮೊದಲು ಅವನ ಮಣಿಕಟ್ಟು ನೋಡಿದಳು, ವಾಚಿರಲಿಲ್ಲ. ಅವಳ ನೋಟ ಅಂಗಿಯ ಗುಂಡಿಯವರೆಗೆ ಏರಿ ಅಲ್ಲೇ ನಿಂತಿತು. ಮುಖ ಅರಳಿತು.

"ಉಳವಪ್ಪಾರ, ಎದ್ಯಾಗ ವಾಲ್ವ್ ಕೂಡಿಸ್ಯಾರೇನ್ರಿ? ಎಷ್ಟು ವರ್ಷಾತು?" ಕೈ ಆಗಲೇ ಫೋನು ತೆಗೆದಿತ್ತು. "ತುಸು ರೆಕಾರ್ಡ್ ಮಾಡ್ಕೊಳ್ಳಲೇನ್ರಿ?"

"ನಾ ನಿಮ್ಮ ಸ್ಯಾಂಪಲ್ ಅಲ್ರೀ ಮೇಡಂ."

ಚಹಾ ಬಿಟ್ಟು ಎದ್ದು ಹೋದವರಿಗಿಂತ ಇವಳ ಈ ಮಾತೇ ಅವನಿಗೆ ಹೆಚ್ಚು ನೋವು ತಂದಿತು. ಮೀನಾ ಫೋನು ಚೀಲಕ್ಕೆ ಹಾಕಿ ಹೊರಟಳು.

ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಉಳವಪ್ಪ ಇಸ್ತ್ರಿ ಮಾಡುವುದು ಮಾತ್ರ ಬಿಡಲಿಲ್ಲ. ಅವಳ ನೂಲಿನಲ್ಲಿ ಸಂದಿ ಬಿಟ್ಟು ನೇಯ್ದ, ಸರಿಬರಲಿಲ್ಲ, ಬಿಚ್ಚಿದ, ಮತ್ತೆ ನೇಯ್ದ.

ಮೂರನೇ ಗುರುವಾರ ಅವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಡದೆ ಏನೋ ಹೇಳುತ್ತಿದ್ದಳು. ಮಗ್ಗದ ಸದ್ದಿನಲ್ಲಿ ತುಟಿ ಆಡುವುದಷ್ಟೇ ಕಂಡಿತು. ಉಳವಪ್ಪ ಎದ್ದು ಹೋಗಿ ಸ್ವಿಚ್ ಆರಿಸಿದ.

ಟಿಕ್. ಟಿಕ್.

"ಈಗ ಹೇಳ್ರಿ."

"ತಪ್ಪಾತ್ರಿ," ಎಂದಳು ಮೀನಾ. ಕೈಯಲ್ಲಿ ಫೋನು ಇರಲಿಲ್ಲ. "ಆರು ವರ್ಷದಿಂದ ಮಷಿನ್ಯಾಗಿಟ್ಟು ವಾಲ್ವ್ ಓಡಸತೇನಿ. ಆ ಸಪ್ಪಳ ಮನಷ್ಯಾನ ಎದ್ಯಾಗ ಕೇಳಿದ್ದು ಅವತ್ತ ಮೊದಲು. ಖುಷಿ ತಡೀಲಿಲ್ಲ, ನಿಮ್ಮ ಮಾರಿ ನೋಡೂದ ಮರತೆ. ಆಮ್ಯಾಲೆ ಈ ಕಡೆ ಬರಾಕ ಧೈರ್ಯ ಸಾಲಲಿಲ್ಲ."

"ಇದನ್ನ ಕೇಳಿ ಮಂದಿ ಹೆದರ್ತಾರ್ರಿ."

"ನನಗ ಈ ಸಪ್ಪಳದ ಹೆದರಿಕಿ ಇಲ್ರಿ. ಇದು ನಿಂತರ ಹೆದರಿಕಿ." ದನಿ ಸಣ್ಣದಾಯಿತು. "ದಿನಾ ಇದನ್ನ ಕೇಳಕೊಂತ ಇರಬೇಕಂತ ಆಸೆ ಐತಿ. ನೀವು ಹೂಂ ಅಂದ್ರ."

ಉಳವಪ್ಪನ ಎದೆಯ ಟಿಕ್ ಟಿಕ್ ಜೋರಾಗಿ ಓಡತೊಡಗಿತು, ಅದನ್ನು ಅವಳಿಂದ ಮುಚ್ಚಿಡುವ ದಾರಿಯೂ ಇರಲಿಲ್ಲ. ಅವನು ಗೋಡೆಯ ಗೂಡಿನಲ್ಲಿದ್ದ ಹೊಸ ತುಂಡನ್ನು ತೆಗೆದು ಅವಳ ಕೈಗಿಟ್ಟ. ಅವಳು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮೆಲ್ಲಗೆ ಅವನ ಕಡೆ ತಿರುಗಿದಳು.

"ಈಗ ಕಾಣತೀರಿ," ಎಂದಳು.

"ಹೂಂ," ಎಂದ ಉಳವಪ್ಪ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಮಗ್ಗ್ಯಾಕ ನಿಂತತೋ? ಕರೆಂಟ್ ಹೋತೇನು?" ಎಂದು ಚನ್ನವ್ವ ಗಾಬರಿಯಿಂದ ಕೂಗಿದಳು.

"ಇಲ್ಲಬೇ," ಎಂದ ಅವನು, ಮೀನಾಳನ್ನೇ ನೋಡುತ್ತ. "ನಾನ ನಿಲ್ಲಿಸೇನಿ."